ಐದನೇ ಸಾಲಿನ ದೊಡ್ಡಪ್ಪ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಜನಗಣತಿಯ ನಲವತ್ತನೇ ಬ್ಲಾಕಿನಲ್ಲಿ ಒಬ್ಬ ಗಂಡಸು ಕಡಿಮೆ ಬಿದ್ದ.

ಕಡಿಮೆ ಬಿದ್ದದ್ದು ಕಾಗದದ ಮೇಲೆ. ಬ್ಲಾಕಿನ ಒಟ್ಟು ಲೆಕ್ಕದ ಹಾಳೆ ಹತ್ತೂವರೆಗೇ ಮೇಲ್ವಿಚಾರಕರ ಕೈ ಸೇರಿತ್ತು. ಗಂಡಸರು ಇನ್ನೂರ ಅರವತ್ತೆಂಟು, ಹೆಂಗಸರು ಇನ್ನೂರ ಐವತ್ತೊಂಬತ್ತು, ಒಟ್ಟು ಐನೂರ ಇಪ್ಪತ್ತೇಳು. ಮಧ್ಯಾಹ್ನ ಹನ್ನೆರಡಕ್ಕೆ ಮನೆವಾರು ಪಟ್ಟಿ ಕೊಡಬೇಕಿತ್ತು. ಅದನ್ನು ಕೂಡಿದಾಗ ಹೆಂಗಸರು ಸರಿಯಾಗಿದ್ದರು, ಗಂಡಸರು ಇನ್ನೂರ ಅರವತ್ತೇಳೇ ಇದ್ದರು.

ಆ ಬ್ಲಾಕಿನ ಗಣತಿದಾರ ನೀರು ಸರಬರಾಜು ಕಚೇರಿಯ ಹಂಗಾಮಿ ಗುಮಾಸ್ತ. ವಯಸ್ಸು ನಲವತ್ತನಾಲ್ಕು, ಹಂಗಾಮಿ ಸೇವೆ ಹನ್ನೊಂದು ವರ್ಷ. ಯಾವ ಕಾಗದ ಕೈಗೆ ಬಂದರೂ ಮೊದಲು "ತಾಳೆ ಆಗ್ಬೇಕು" ಅನ್ನುತ್ತಿದ್ದುದರಿಂದ ಸಹೋದ್ಯೋಗಿಗಳು ಅವನಿಗೆ ತಾಳೆಪ್ಪ ಎಂದು ಹೆಸರಿಟ್ಟಿದ್ದರು. ಹನ್ನೊಂದು ವರ್ಷದಲ್ಲಿ ಅವನು ಮಾಡಿದ ಒಂದು ಕೂಡಿಕೆಯೂ ಮೊದಲ ಸಲಕ್ಕೆ ತಾಳೆಯಾದ ದಾಖಲೆ ಇಲ್ಲ. ಹೆಸರು ಅಂಟಿಕೊಳ್ಳಲು ಅದೂ ಒಂದು ಕಾರಣ.

ಈ ಸಲ ತಾಳೆಯಾಗಲೇಬೇಕಿತ್ತು. ಒಂದೂ ತಿದ್ದುಪಡಿ ಇಲ್ಲದೆ ಬ್ಲಾಕು ಮುಗಿಸಿದ ಹಂಗಾಮಿ ನೌಕರರನ್ನು ಖಾಯಂ ಮಾಡಲಾಗುವುದು ಎಂದು ಸುತ್ತೋಲೆ ಹೊರಟಿತ್ತು. ಒಂದು ತಿದ್ದುಪಡಿ ಬಿದ್ದರೂ ಹೆಸರು ಪಟ್ಟಿಯಿಂದ ಹೋಗುತ್ತದೆ, ಮುಂದಿನ ಗಣತಿ ಹತ್ತು ವರ್ಷಕ್ಕೆ.

ತಾಳೆಪ್ಪ ನಾಲ್ಕು ಸಲ ಕೂಡಿದ. ನಾಲ್ಕು ಸಲವೂ ಇನ್ನೂರ ಅರವತ್ತೇಳು. ಅವನ ಕೂಡಿಕೆ ನಾಲ್ಕು ಸಲ ಒಂದೇ ಉತ್ತರ ಕೊಟ್ಟದ್ದು ಅದೇ ಮೊದಲು. ಹಾಗಾದರೆ ಮೇಲ್ವಿಚಾರಕರ ಬಳಿ ಇರುವ ಆ ಒಬ್ಬ ಹೆಚ್ಚಿನ ಗಂಡಸು ಎಲ್ಲಿಂದ ಬಂದ ಎಂಬುದು ಆಗ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಹನ್ನೊಂದೂವರೆಗೆ ತಾಳೆಪ್ಪ ಒಂದು ತೀರ್ಮಾನಕ್ಕೆ ಬಂದ. ಒಟ್ಟನ್ನು ತಿದ್ದುವ ಹಾಗಿಲ್ಲ. ಆದ್ದರಿಂದ ಜನರನ್ನು ತಿದ್ದಬೇಕು. ಬೇರೆಯವರ ಮನೆಗೆ ಆಳು ಸೇರಿಸುವುದು ಅಪರಾಧ ಅನ್ನಿಸಿ ತನ್ನ ಮನೆಯ ಪುಟವನ್ನೇ ತೆಗೆದ. ತಾನು, ತಾಯಿ, ಹೆಂಡತಿ, ಮಗಳು. ಐದನೇ ಸಾಲು ಖಾಲಿ ಇತ್ತು.

ಯಾರನ್ನು ಬರೆಯುವುದು ಎಂಬುದು ಸುಲಭದ ಪ್ರಶ್ನೆಯಲ್ಲ. ಹಸುಗೂಸನ್ನು ಬರೆದರೆ ಜನನ ಪ್ರಮಾಣಪತ್ರ ಕೇಳುತ್ತಾರೆ. ಯುವಕನನ್ನು ಬರೆದರೆ ಕೆಲಸ ಏನು, ಮದುವೆ ಆಗಿದೆಯೇ ಎಂದು ಊರೇ ಕೇಳುತ್ತದೆ. ಎಪ್ಪತ್ತು ದಾಟಿದ ಗಂಡಸನ್ನು ಯಾರೂ ಏನೂ ಕೇಳುವುದಿಲ್ಲ. ತಾಳೆಪ್ಪ ಬರೆದ: ಯಜಮಾನನಿಗೆ ಸಂಬಂಧ, ದೊಡ್ಡಪ್ಪ. ವಯಸ್ಸು ಎಪ್ಪತ್ತೊಂದು. ಉದ್ಯೋಗ ಇಲ್ಲ, ಅವಲಂಬಿತ. ಏನಾದರೊಂದು ಕೊರತೆ ಇದ್ದರೆ ಮನುಷ್ಯ ಹೆಚ್ಚು ನಿಜವಾಗಿ ಕಾಣುತ್ತಾನೆ ಅನ್ನಿಸಿ, ಅಂಗವೈಕಲ್ಯದ ಕಾಲಂನಲ್ಲಿ "ಎಡಗಾಲು" ಎಂದು ಸೇರಿಸಿದ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಪಟ್ಟಿ ಒಪ್ಪಿಸಿದ. ತಾಳೆಯಾಯಿತು.

ಹದಿನಾರು ದಿನಗಳ ನಂತರ, ತಪಾಸಣೆಗೆಂದು ಚೀಟಿ ಎತ್ತಿ ಆರಿಸಿದ ಐದು ಮನೆಗಳ ಪಟ್ಟಿ ಬಂತು. ಮೂರನೆಯದು ತಾಳೆಪ್ಪನ ಮನೆ. ತಪಾಸಣೆ ಶನಿವಾರ ಬೆಳಿಗ್ಗೆ ಹತ್ತಕ್ಕೆ. ಆ ಸಂಗತಿಯನ್ನು ಹೆಂಡತಿಗೆ ಅವನು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ತಿಳಿಸಿದ.

ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು. ಗಣತಿಯ ತರಬೇತಿ ಮುಗಿಸಿ ಬಂದ ದಿನದಿಂದ ಗಂಡ ಅವಳಿಗೆ ಕುಟುಂಬ ಎಂದರೇನು ಎಂದು ಪಾಠ ಹೇಳುತ್ತಿದ್ದ. ರಕ್ತಸಂಬಂಧ ಮುಖ್ಯವಲ್ಲ, ಆರು ತಿಂಗಳಿಂದ ಒಂದೇ ಒಲೆಯ ಊಟ ಉಣ್ಣುವವರೆಲ್ಲ ಒಂದು ಘಟಕ, ದುಡಿಯುವವರು ಇಷ್ಟು, ಅವಲಂಬಿತರು ಇಷ್ಟು, ಇಷ್ಟೇ ಸಮಾಜ ಎಂದು. ಘಟಕಕ್ಕೆ ತರಕಾರಿ ಯಾರು ತರುತ್ತಾರೆ ಎಂದು ಅವಳು ಒಂದು ಸಲ ಕೇಳಿದ್ದಳು. ತರಬೇತಿಯ ಪುಸ್ತಕದಲ್ಲಿ ಅದು ಇರಲಿಲ್ಲ.

"ನನ್ನನ್ನ ಕೇಳ್ದೆ ಮನೆಗೆ ಒಬ್ಬರನ್ನ ಸೇರಿಸಿದ್ರಾ?"

"ಬರೀ ಕಾಗದದ ಮೇಲೆ ಕಣೇ."

"ಕಾಗದದ ಮೇಲೆ ಇರೋರು ಇವತ್ತಲ್ಲ ನಾಳೆ ಊಟಕ್ಕೆ ಬಂದೇ ಬರ್ತಾರೆ," ಎಂದಳು ಅವಳು, ಸೊಪ್ಪಿನಿಂದ ಕಣ್ಣು ತೆಗೆಯದೆ.

ಒಳಗಿನಿಂದ ತಾಯಿ ಬಂದು ಕೂತರು. ಸೇರಿಸಿದ್ದು ಯಾರನ್ನು, ವಯಸ್ಸೆಷ್ಟು, ಏನೇನು ಬರೆದಿದ್ದೀಯ ಎಂದು ಸಾವಧಾನವಾಗಿ ವಿಚಾರಿಸಿದರು. ಅವನು ಹೇಳಿದ. ಅವರು ಕನ್ನಡಕ ತೆಗೆದು ಒರೆಸಿದರು.

"ನಿಮ್ಮಪ್ಪನಿಗೆ ಒಬ್ಬ ಅಣ್ಣ ಇದ್ರು. ನೀನು ಹುಟ್ಟೋ ಮೊದ್ಲೇ ಮನೆ ಬಿಟ್ಟು ಹೋದ್ರು. ನಾವು ಆ ಮಾತೇ ಎತ್ತುತಿರ್ಲಿಲ್ಲ. ಅವರ ಎಡಗಾಲು ಕುಂಟು ಅಂತ ನಿಂಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ತಾಳೆಪ್ಪ ಗಡಿಯಾರ ನೋಡಿದ. ಒಂಬತ್ತು ಇಪ್ಪತ್ತು. ಗಾಬರಿಪಡಲು ಸಮಯವಿರಲಿಲ್ಲ.

ಬಾಡಿಗೆಗೆ ಮುದುಕರನ್ನು ತರುವ ಆಲೋಚನೆ ಬಂತು. ಆದರೆ ಬೀದಿಯ ಮುದುಕರನ್ನೆಲ್ಲ ಅವರವರ ಮನೆಯಲ್ಲಿ ತಾಳೆಪ್ಪನೇ ಎಣಿಸಿ ಮುಗಿಸಿದ್ದ. ಉಳಿದದ್ದು ಒಂದೇ ದಾರಿ. ತಪಾಸಣೆಗೆ ಬರುವ ಅಧಿಕಾರಿಣಿ ಬೇರೆ ಕಚೇರಿಯವರು, ಅವನ ಮುಖ ಕಂಡವರಲ್ಲ. ಗಣತಿದಾರ ಬೇರೆ ಬ್ಲಾಕಿಗೆ ಕೆಲಸದ ಮೇಲೆ ಹೋಗಿದ್ದಾನೆ ಎಂದರೆ ಯಾರೂ ಅನುಮಾನಪಡುವುದಿಲ್ಲ. ಹೆಂಡತಿ ಅವನ ತಲೆಗೆ ಪೌಡರು ಹಾಕಿದಳು. ತಾಯಿ ತಮ್ಮ ಕನ್ನಡಕ ಕೊಟ್ಟರು. ಶಾಲು ಮನೆಯಲ್ಲೇ ಇತ್ತು. ಹನ್ನೆರಡು ವರ್ಷದ ಮಗಳು ಎದುರು ನಿಂತು ನೋಡಿ, ಹುಬ್ಬು ಸರಿಯಾಗಿಲ್ಲ ಎಂದು ಇನ್ನಷ್ಟು ಪೌಡರು ಹಚ್ಚಿದಳು.

ಅಧಿಕಾರಿಣಿ ಹತ್ತಕ್ಕೆ ಸರಿಯಾಗಿ ಬಂದರು. ಕಡಿಮೆ ಮಾತಿನವರು. ನಡುಮನೆಯ ಕುರ್ಚಿಯಲ್ಲಿ ಕೂತು, ಪಟ್ಟಿ ಬಿಡಿಸಿ, ಒಬ್ಬೊಬ್ಬರನ್ನೇ ಪೆನ್ನಿನಿಂದ ತೋರಿಸಿ ಎಣಿಸಿದರು. ಶಾಲು ಹೊದ್ದ ತಾಳೆಪ್ಪ ಒಳಕೋಣೆಯಿಂದ ಎಡಗಾಲು ಎಳೆಯುತ್ತ ಬಂದಾಗ ತಾಯಿ ಎದ್ದು ನಿಂತರು. ಹೆತ್ತ ಮಗನಿಗೆ ತಾಯಿ ಎದ್ದು ನಿಲ್ಲುವುದು ಅಪರೂಪ. ಇಲ್ಲಿ ಅವರು ನಟಿಸುತ್ತಿದ್ದರು ಎಂದು ಹೇಳಲು ಆಧಾರವಿಲ್ಲ. "ಬನ್ನಿ ಭಾವ, ಕೂತ್ಕೊಳ್ಳಿ," ಎಂದು ಸೆರಗು ಹೊದ್ದುಕೊಂಡರು.

ಹಿರಿಯರು ಇಲ್ಲಿ ಎಷ್ಟು ದಿನದಿಂದ ಇದ್ದಾರೆ ಎಂದು ಅಧಿಕಾರಿಣಿ ಕೇಳಿದರು. ಮಗಳು ಉತ್ತರಿಸಿದಳು. ದೊಡ್ಡತಾತ ಹೋದ ವರ್ಷ ಪರೀಕ್ಷೆ ಮುಗಿದ ದಿನ ಬಂದರು, ಬೆಳಿಗ್ಗೆ ಐದಕ್ಕೆ ಎದ್ದು ಕೆಮ್ಮುತ್ತಾರೆ, ಬಾಗಿಲ ಚಿಲಕ ಹಾಕಿದರೆ ಅವರಿಗೆ ಆಗುವುದಿಲ್ಲ ಎಂದಳು. ಇಷ್ಟನ್ನು ಹೇಳು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಿಯಮದ ಪ್ರಕಾರ ಹೊರಗಿನ ಒಬ್ಬ ಸಾಕ್ಷಿ ಬೇಕು. ಪಕ್ಕದ ಮನೆಯ ಟೈಲರ್ ಕಿಟಕಿಯಲ್ಲೇ ನಿಂತಿದ್ದ. ಅಧಿಕಾರಿಣಿ ಅವನನ್ನು ಕರೆದರು. ತಾಳೆಪ್ಪ ಶಾಲನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ, ಏಕೆಂದರೆ ಟೈಲರಿಗೆ ವಿಷಯ ಹೇಳಲು ಎಲ್ಲರೂ ಮರೆತಿದ್ದರು.

"ಈ ಮನೇಲಿ ಎಷ್ಟು ಜನ?"

"ಐದು," ಎಂದ ಟೈಲರ್, ಕಣ್ಣು ಮಿಟುಕಿಸದೆ. "ಆ ಹಿರಿಯರೂ ಸೇರಿ."

ಅಧಿಕಾರಿಣಿ ಸಹಿ ಹಾಕಿ ಹತ್ತು ಇಪ್ಪತ್ತೈದಕ್ಕೆ ಹೊರಟರು.

ತಾಳೆಪ್ಪ ಮುಖ ತೊಳೆದುಕೊಂಡು ನೇರ ಟೈಲರ್ ಅಂಗಡಿಗೆ ಹೋದ. ಮಾನ ಉಳಿಸಿದೆ ಮಾರಾಯ, ಸುಳ್ಳು ಎಷ್ಟು ಸಲೀಸಾಗಿ ಹೇಳಿದೆ ಎಂದು ಬೆನ್ನು ತಟ್ಟಿದ. ಟೈಲರ್ ಬಾಯಲ್ಲಿದ್ದ ಗುಂಡುಸೂಜಿ ತೆಗೆದ.

"ಸುಳ್ಳು ಯಾಕೆ ಹೇಳ್ಲಿ? ಅವರ ಎರಡು ಪ್ಯಾಂಟು ನಾನೇ ಹೊಲ್ದಿದ್ದು."

ಅಳತೆಯ ಪುಸ್ತಕ ತೆಗೆದು ತೋರಿಸಿದ. ಎಂಟು ತಿಂಗಳ ಹಿಂದಿನ ತಾರೀಕು. ಸೊಂಟ ಮೂವತ್ತೆರಡು. ಬಲಗಾಲು ಮೂವತ್ತೊಂಬತ್ತು, ಎಡಗಾಲು ಮೂವತ್ತೆಂಟೂವರೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ತಾಳೆಪ್ಪನ ಮನೆಯ ನಂಬರು.

ಮನೆಗೆ ಬಂದು ಅವನು ಕಪಾಟು ಹುಡುಕಿದ. ಪ್ಯಾಂಟುಗಳು ಅಲ್ಲಿ ಇರಲಿಲ್ಲ. ಹೆಂಡತಿಯನ್ನು ಕೇಳಿದ. ಒಗೆಯಲು ಹಾಕಿದ್ದೇನೆ ಎಂದಳು.

ಇಲ್ಲಿಗೆ ಮುಗಿಯುತ್ತಿತ್ತೋ ಏನೋ. ಆದರೆ ಗಣತಿಯ ಪಟ್ಟಿಯಿಂದ ಹಿರಿಯ ನಾಗರಿಕರ ವಿವರ ತಾನಾಗಿಯೇ ಮತದಾರರ ಪಟ್ಟಿಗೆ ಹೋಗುವ ವ್ಯವಸ್ಥೆ ಆ ವರ್ಷವೇ ಜಾರಿಗೆ ಬಂದಿತ್ತು. ವಾರ್ಡಿನ ಚುನಾವಣೆ ಹತ್ತಿರದಲ್ಲಿತ್ತು. ಕಳೆದ ಸಲ ಆ ವಾರ್ಡಿನಲ್ಲಿ ಗೆದ್ದ ಅಂತರ ಮೂರು ಮತ. ಹೊಸದಾಗಿ ಒಂದು ಮತ ಹುಟ್ಟಿದ ಸುದ್ದಿ ಸೋಮವಾರ ಸಂಜೆಯೊಳಗೆ ಎರಡೂ ಪಕ್ಷಗಳಿಗೆ ಮುಟ್ಟಿತು.

ಮೊದಲ ಪಕ್ಷದವರು ಅಂದೇ ರಾತ್ರಿ ಏಳಕ್ಕೆ ಬಂದು ಹಿರಿಯರ ಕಾಲಿನ ಬಗ್ಗೆ ಮರುಗಿ, ಮೆಟ್ಟಿಲ ಬದಲು ಇಳಿಜಾರು ಕಟ್ಟಿಸುವುದಾಗಿ ಹೇಳಿದರು. ಎರಡನೆಯ ಪಕ್ಷದವರು ಏಳೂ ಮುಕ್ಕಾಲಿಗೆ ಬಂದು, ಇಳಿಜಾರಿಗೆ ಹಿಡಿಗಂಬಿಯನ್ನೂ ಹಾಕಿಸುವುದಾಗಿ ಹೇಳಿದರು. ಮೂಗಿನ ತುದಿವರೆಗೆ ಶಾಲು ಎಳೆದುಕೊಂಡು ತಾಳೆಪ್ಪ ಇಬ್ಬರಿಗೂ ತಲೆ ಆಡಿಸಿದ. ಮರುದಿನವೂ ಬಂದರು, ಅದರ ಮರುದಿನವೂ. ನಲವತ್ತನಾಲ್ಕು ವರ್ಷದಲ್ಲಿ ತಾಳೆಪ್ಪನ ಅಭಿಪ್ರಾಯ ಕೇಳಲು ಯಾರೂ ಮನೆ ಬಾಗಿಲಿಗೆ ಬಂದಿರಲಿಲ್ಲ. ದೊಡ್ಡಪ್ಪನ ಅಭಿಪ್ರಾಯಕ್ಕೆ ಜನ ಚಪ್ಪಲಿ ಬಿಟ್ಟು ಸಾಲಾಗಿ ಕೂತರು. ರಸ್ತೆಯ ಬಗ್ಗೆ, ಚರಂಡಿಯ ಬಗ್ಗೆ, ಜನಸಂಖ್ಯೆ ಹೆಚ್ಚಾಗುತ್ತಿರುವ ಬಗ್ಗೆ ಹಿರಿಯರು ಏನನ್ನುತ್ತಾರೆ ಎಂದು ಕೇಳಿದರು. ಹೆಚ್ಚಾಗಿದೆ, ಎಂದರು ಹಿರಿಯರು. ಎಲ್ಲರೂ ಒಪ್ಪಿದರು.

ಯಾವ ಹೊತ್ತಿಗೆ ಯಾರು ಬರುತ್ತಾರೋ ಹೇಳಲಾಗದು. ಆದ್ದರಿಂದ ಮನೆಯಲ್ಲಿರುವಷ್ಟು ಹೊತ್ತೂ ಶಾಲು ಹೊದ್ದೇ ಇರುವುದು ಕ್ಷೇಮ ಎಂದು ಹೆಂಡತಿ ಸೂಚಿಸಿದಳು. ಬಾಯಿ ತಪ್ಪಬಾರದೆಂದು ಅವಳು "ಮಾವ" ಎಂದೇ ಕರೆಯತೊಡಗಿದಳು. ಮಾವ ಎಂದು ಕರೆಸಿಕೊಂಡವರಿಗೆ ಮೊದಲ ಊಟ ಬಡಿಸಲಾಗುತ್ತಿತ್ತು, ತರಕಾರಿ ತರಲು ಕಳಿಸುತ್ತಿರಲಿಲ್ಲ. ಈ ವ್ಯವಸ್ಥೆಗೆ ತಾಳೆಪ್ಪನ ವಿರೋಧವಿರಲಿಲ್ಲ. ಎಡಗಾಲು ಮಾತ್ರ ಕುಂಟಿ ಕುಂಟಿ ನಿಜವಾಗಿಯೂ ನೋಯತೊಡಗಿತ್ತು.

ಮುಂದಿನ ಮಂಗಳವಾರ ಹಿರಿಯ ಮತದಾರರ ಫೋಟೋ ತೆಗೆಯುವ ದಿನ. ಹತ್ತೂವರೆಯಿಂದ ಮಧ್ಯಾಹ್ನ ಎರಡರವರೆಗೆ ತಾಳೆಪ್ಪ ಶಾಲು ಹೊದ್ದು ವಾರ್ಡ್ ಕಚೇರಿಯ ಬೆಂಚಿನ ಮೇಲೆ ಕೂತಿದ್ದ. ಕಚೇರಿಗೆ ರಜೆ ಹೇಳಿರಲಿಲ್ಲ. ಬುಧವಾರ ಬೆಳಿಗ್ಗೆ ರಜೆಯ ಅರ್ಜಿ ಬರೆದುಕೊಂಡು ಹೋಗಿ ಹಾಜರಿ ಪುಸ್ತಕ ತೆರೆದರೆ, ಮಂಗಳವಾರದ ಚೌಕದಲ್ಲಿ ಅವನ ಸಹಿ ಇತ್ತು. ಸಮಯ ಹತ್ತು ಗಂಟೆ ಐದು ನಿಮಿಷ. ಕೊನೆಯ ಅಕ್ಷರಕ್ಕೆ ಅವನು ಎಳೆಯುವ ಬಾಲವೂ ಸಹಿಗೆ ಇತ್ತು.

ಯಾರೋ ಸ್ನೇಹಿತರು ಉಪಕಾರ ಮಾಡಿರಬೇಕು ಎಂದುಕೊಂಡು ರವಾನೆ ವಿಭಾಗದ ಗುಮಾಸ್ತೆಯನ್ನು ಕೇಳಿದ.

"ನಿನ್ನೆ ನೀವೇ ಅಲ್ವಾ ಕೂತು ಮೂರು ಫೈಲು ಮುಗಿಸಿದ್ದು?" ಎಂದಳು ಅವಳು. "ಎಲ್ಲ ಒಂದೇ ಸಲಕ್ಕೆ ತಾಳೆ ಆಗಿತ್ತು. ಸಾಹೇಬರು ಎರಡು ಸಲ ನೋಡಿದ್ರು, ಅವರಿಗೂ ನಂಬೋಕಾಗ್ಲಿಲ್ಲ."

ತಾಳೆಪ್ಪ ಫೈಲುಗಳನ್ನು ತೆಗೆದು ನೋಡಿದ. ಅವನದೇ ಕೈಬರಹ. ಕೂಡಿಕೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಅವನಿಗೆ ಭಯವಾದದ್ದು ಸಹಿ ನೋಡಿದಾಗ ಅಲ್ಲ, ಆಗ.

ಗುರುವಾರ ಅವನು ಕಚೇರಿ ಬಿಟ್ಟು, ಶಾಲು ಇಲ್ಲದೆ, ಕುಂಟದೆ, ಸಂಜೆ ಆರು ಇಪ್ಪತ್ತಕ್ಕೆ ಮನೆಗೆ ಬಂದ. ಇಂದಿನಿಂದ ಈ ನಾಟಕ ಸಾಕು ಎಂದು ದಾರಿಯಲ್ಲೇ ನಿಶ್ಚಯಿಸಿದ್ದ. ಕುಂಟಬಾರದೆಂಬ ನಿಶ್ಚಯ ಮಾತ್ರ ಕಾಲಿಗೆ ಅರ್ಥವಾಗಲಿಲ್ಲ. ಬಾಗಿಲಿಗೆ ಹೆಂಡತಿ ಬಂದಳು.

"ಬನ್ನಿ ಮಾವ. ಇವತ್ತು ತಡ ಆಯ್ತಲ್ಲ, ಎಲ್ಲಿಗೆ ಹೋಗಿದ್ರಿ? ಅವರಾಗ್ಲೇ ಆಫೀಸಿಂದ ಬಂದ್ರು."

"ಯಾರು?"

"ಯಾರು ಅಂದ್ರೆ?" ಎಂದಳು ಅವಳು, ಸ್ವಲ್ಪ ನಾಚಿ. ಮದುವೆಯಾಗಿ ಹದಿನೈದು ವರ್ಷದಲ್ಲಿ ಅವಳು ಅವನ ವಿಷಯಕ್ಕೆ ನಾಚಿದ್ದನ್ನು ಅವನು ನೋಡಿರಲಿಲ್ಲ.

ಹೊಸ್ತಿಲ ಬಳಿ ನಾಲ್ಕು ಜೊತೆ ಚಪ್ಪಲಿ ಇದ್ದವು. ಅವನು ತನ್ನದನ್ನು ಬಿಟ್ಟ. ಐದಾದವು. ಒಳಗೆ ತಾಯಿ ಹಾಲು ಸೋಸುತ್ತಿದ್ದ ಪಾತ್ರೆ ಕೆಳಗಿಟ್ಟು ಎದ್ದು ನಿಂತರು. ಮಗಳು ಮೇಜಿನ ಬಳಿ ಕೂತು ಬರೆಯುತ್ತಿದ್ದಳು. ಅಪ್ಪ ಲೆಕ್ಕ ಹೇಳಿಕೊಟ್ಟರು, ಈ ಸಲ ಒಂದೂ ತಪ್ಪಿಲ್ಲ ಎಂದಳು. ಬಚ್ಚಲಿನ ಬಾಗಿಲು ಮುಚ್ಚಿತ್ತು. ಒಳಗೆ ನಲ್ಲಿ ಹರಿಯುತ್ತಿತ್ತು, ಯಾರೋ ಮುಖ ತೊಳೆಯುತ್ತಿದ್ದರು. ತೊಳೆದು ಮುಗಿದ ಮೇಲೆ ಮೂಗು ಸೀಟುವ ಸದ್ದು ಎರಡು ಸಲ ಕೇಳಿಸಿತು. ತಾಳೆಪ್ಪನೂ ಎರಡೇ ಸಲ ಸೀಟುವುದು.

ಅವನು ಅಭ್ಯಾಸಬಲದಿಂದ ಎಣಿಸಿದ. ತಾಯಿ ಒಂದು, ಹೆಂಡತಿ ಎರಡು, ಮಗಳು ಮೂರು, ಬಚ್ಚಲಿನಲ್ಲಿರುವವನು ನಾಲ್ಕು, ತಾನು ಐದು. ತಾಳೆಯಾಯಿತು. ಆಕ್ಷೇಪಿಸಲು ಯಾವ ಅಂಕಿಯೂ ಸಿಗಲಿಲ್ಲ. ನಲ್ಲಿ ನಿಂತಿತು. ಬಾಗಿಲು ತೆರೆಯುವ ಮೊದಲು ಅವನು ಒಳಕೋಣೆಗೆ ಹೋಗಿ ಶಾಲು ಹೊದ್ದು ಗೋಡೆಯ ಕಡೆ ತಿರುಗಿ ಮಲಗಿದ. ಬೆಳಗಿನ ಜಾವ ಐದಕ್ಕೆ ಕೆಮ್ಮು ಬಂದು ಎಚ್ಚರವಾಯಿತು.

ಶುಕ್ರವಾರ ಬೆಳಿಗ್ಗೆ ಅವನು ಗಣತಿ ಮೇಲ್ವಿಚಾರಕರ ಕೋಣೆಗೆ ಹೋದ. ಖಾಯಂ ಕೆಲಸ ಹಾಳಾಗಿ ಹೋಗಲಿ, ನಡೆದದ್ದನ್ನು ನಡೆದಂತೆ ಹೇಳಿಬಿಡಬೇಕು ಎಂದು ಹೋಗಿದ್ದ. ಮೇಲ್ವಿಚಾರಕರು ಅವನ ಕಚೇರಿಯ ಕಟ್ಟಡದಲ್ಲೇ ಮೊದಲ ಮಹಡಿಯಲ್ಲಿ ಕೂರುತ್ತಿದ್ದರು. ಇಪ್ಪತ್ತೆರಡು ಮೆಟ್ಟಿಲು. ಹತ್ತಲು ಅವನಿಗೆ ಆರು ನಿಮಿಷ ಬೇಕಾಯಿತು. ಮೇಲ್ವಿಚಾರಕರು ಎದ್ದು ಕುರ್ಚಿ ಎಳೆದುಕೊಟ್ಟರು. ಅವರು ಅವನಿಗೆ ಹಾಗೆ ಮಾಡಿದ್ದು ಇದೇ ಮೊದಲು.

ನಲವತ್ತನೇ ಬ್ಲಾಕಿನಲ್ಲಿ ಒಬ್ಬ ಗಂಡಸು ಹೆಚ್ಚಾಗಿದ್ದಾನೆ, ಅವನನ್ನು ತೆಗೆಯಬೇಕು ಎಂದು ತಾಳೆಪ್ಪ ಹೇಳಿದ. ಮೇಲ್ವಿಚಾರಕರು ತಾಳ್ಮೆಯ ಮನುಷ್ಯ. ನಮೂನೆಗಳ ಕಟ್ಟು ತೆಗೆದು ವಿವರಿಸಿದರು. ಜನಸಂಖ್ಯೆ ಕಡಿಮೆಯಾಗಲು ಇರುವುದು ಎರಡೇ ದಾರಿ, ಸಾವು ಮತ್ತು ವಲಸೆ. ಸಾವಿಗೆ ನಮೂನೆ ಏಳು, ವಲಸೆಗೆ ನಮೂನೆ ಒಂಬತ್ತು. ತಪ್ಪಿನಿಂದ ಬಂದವರು ವಾಪಸು ಹೋಗಲು ನಮೂನೆ ಇಲ್ಲ. ಇದುವರೆಗೆ ಯಾರೂ ಕೇಳಿಲ್ಲ.

"ಅದಿರಲಿ, ತೆಗೀಬೇಕಾದ್ದು ಯಾರನ್ನ?"

"ಐದನೇ ಸಾಲಿನವರನ್ನ. ದೊಡ್ಡಪ್ಪನ್ನ."

ಮೇಲ್ವಿಚಾರಕರು ಪಟ್ಟಿ ನೋಡಿದರು, ನಂತರ ಎದುರು ಕೂತವರ ಎಡಗಾಲು ನೋಡಿದರು. ದನಿ ಮೆತ್ತಗಾಯಿತು.

"ಯಾಕೆ ಹಿರಿಯರೇ ಹೀಗಂತೀರಿ? ಮನೇಲಿ ಯಾರಾದ್ರೂ ಏನಾದ್ರೂ ಅಂದ್ರಾ? ನಿಮ್ಮ ತಮ್ಮನ ಮಗ ಕೆಳಗೇ ಇದ್ದಾರೆ, ಒಳ್ಳೇ ಮನುಷ್ಯ. ಕರೆಸ್ಲಾ?"

ಗೋಡೆಯ ಗಡಿಯಾರ ಹತ್ತು ಗಂಟೆ ಐದು ನಿಮಿಷ ತೋರಿಸುತ್ತಿತ್ತು. ಕೆಳಗಿನ ಕೋಣೆಯಲ್ಲಿ ಹಾಜರಿ ಪುಸ್ತಕ ಮುಚ್ಚಿದ ಸದ್ದು ಕೇಳಿತು. ಆಮೇಲೆ ಯಾರೋ ಮೆಟ್ಟಿಲ ಬುಡದವರೆಗೆ ಬಂದು ನಿಂತರು. ಎರಡೂ ಕಾಲಿನ ಹೆಜ್ಜೆ ಸಮವಾಗಿತ್ತು.

"ಬೇಡ," ಎಂದರು ಹಿರಿಯರು. "ಕೆಲ್ಸದಲ್ಲಿ ಇರ್ತಾನೆ. ಕರೀಬೇಡಿ."

ಇಳಿಯುವಾಗ ಮೆಟ್ಟಿಲಲ್ಲಿ ಯಾರೂ ಇರಲಿಲ್ಲ. ಮೇಲ್ವಿಚಾರಕರು ಅವರನ್ನು ಕೈ ಹಿಡಿದು ಬೀದಿಯವರೆಗೆ ಬಿಟ್ಟುಬಂದರು.

ಆ ತಿಂಗಳ ಹದಿನೆಂಟರಂದು ಖಾಯಂ ಆದೇಶ ಹೊರಟಿತು. ಪಟ್ಟಿಯಲ್ಲಿ ಒಂಬತ್ತು ಜನ, ತಾಳೆಪ್ಪನದು ಆರನೆಯ ಹೆಸರು. ಸ್ವೀಕೃತಿ ಪುಸ್ತಕದಲ್ಲಿ ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ಸಹಿ ಬಿದ್ದಿದೆ. ಆ ಹೊತ್ತಿಗೆ ಮನೆಯಲ್ಲಿ ಹಿರಿಯರಿಗೆ ಊಟ ಬಡಿಸಲಾಗಿತ್ತು.

ಮುಂದಿನ ಭಾನುವಾರ ವಾರ್ಡಿನ ಚುನಾವಣೆ ನಡೆಯಿತು. ಹನ್ನೆರಡು ವರ್ಷದ ಮಗಳನ್ನು ಬಿಟ್ಟು ಆ ಮನೆಯಿಂದ ನಾಲ್ಕು ಮತ ಬಿದ್ದವು. ಮತಗಟ್ಟೆಯ ಸಿಬ್ಬಂದಿಯ ಪ್ರಕಾರ ನಾಲ್ವರೂ ಒಟ್ಟಿಗೇ ಬಂದಿದ್ದರು.